ಸಹಾಯ ಬೇಕು: ಇಲಿ ರೆಟಿನಾ ಸ್ಲೈಡ್‌ನಲ್ಲಿ ಕೆಐಆರ್ 4.1 ಸರಿಯಾಗಿ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ರೆಟಿನಾ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ಬೇರೆ ವಿಷಯದವರಿಗಾಗಿ ಸ್ವಲ್ಪ ಹಿನ್ನೆಲೆ. ಮುಲ್ಲರ್ ಕೋಶ (ನರಕೋಶಗಳಿಗೆ ಆಸರೆಯಾಗಿರುವ ಕೋಶ) ರೆಟಿನಾದ ಒಂದು ಬದಿಯಿಂದ ಇನ್ನೊಂದು ಬದಿವರೆಗೂ ಚಾಚಿಕೊಂಡಿರುತ್ತದೆ. ನರಕೋಶಗಳು ಕೆಲಸ ಮಾಡುವಾಗ ಹೊರಬಿಡುವ ಪೊಟ್ಯಾಸಿಯಂ ಅನ್ನು ಹೀರಿಕೊಂಡು ಕಣ್ಣೊಳಗಿನ ಲೋಳೆಗೆ, ರಕ್ತನಾಳಕ್ಕೆ ದಾಟಿಸುತ್ತದೆ. ಒಂಥರಾ ಮನೆಯ ಬಚ್ಚಲು ಕಿಂಡಿ ಇದ್ದ ಹಾಗೆ. ಆ ಕಿಂಡಿಯೇ ಕೆಐಆರ್ 4.1, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ದಾಟಲು ದಾರಿಯಾಗುವ ಪ್ರೋಟೀನ್. ಸ್ಲೈಡ್‌ನಲ್ಲಿ ಅದಕ್ಕೆ ಬಣ್ಣ ಹಿಡಿಸಿ (ಸ್ಟೇನಿಂಗ್) ನೋಡಿದರೆ, ಆರೋಗ್ಯವಾದ ರೆಟಿನಾದಲ್ಲಿ ಅದು ಲೋಳೆಯ ಕಡೆಯ ತುದಿಯಲ್ಲಿ, ರಕ್ತನಾಳಗಳ ಸುತ್ತ ಗುಂಪಾಗಿ ಹೊಳೆಯಬೇಕು. ಮಧುಮೇಹದ ಇಲಿಗಳಲ್ಲಿ ಅದು ಅಲ್ಲಿಂದ ಚೆದುರುತ್ತದೆ, ಕೋಶ ಸುಲಭವಾಗಿ ಊದಿಕೊಳ್ಳುತ್ತದೆ. ಮ್ಯಾಕ್ಯುಲಾದಲ್ಲಿ (ರೆಟಿನಾದ ನಡುಭಾಗ) ನೀರು ತುಂಬುವುದಕ್ಕೆ ರಕ್ತನಾಳ ಸೋರುವುದರ ಜೊತೆ ಇದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

ನನ್ನ ಕಷ್ಟ ಏನೆಂದರೆ, ಆರೋಗ್ಯವಾಗಿರುವ ಇಲಿಯಲ್ಲೂ ಬಣ್ಣ ಚೆದುರಿದ ಹಾಗೇ ಕಾಣುತ್ತಿದೆ! ಮತ್ತೆ ಯಾವುದನ್ನು ಯಾವುದಕ್ಕೆ ಹೋಲಿಸಲಿ? ಅದೇ ಸ್ಲೈಡ್‌ನಲ್ಲಿ ಗ್ಲುಟಮಿನ್ ಸಿಂಥೆಟೇಸ್ (ಮುಲ್ಲರ್ ಕೋಶದ ಗುರುತಾಗಿ ಬಳಸುವ ಕಿಣ್ವ) ಚೆನ್ನಾಗಿ ಬರುತ್ತಿದೆ. ಅಂದರೆ ಕೋಶಗಳು ಹಾಳಾಗಿಲ್ಲ ಅಲ್ವಾ? ಕಣ್ಣು ಕೆಡದಂತೆ ಫಿಕ್ಸ್ ಮಾಡಲು 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ಅದೇ ಜಾಸ್ತಿಯಾಯಿತೇನೋ ಅಂತ ಅನುಮಾನ.

ಈ ಸ್ಟೇನಿಂಗ್ ಮಾಡಿದವರು ಎಷ್ಟು ಹೊತ್ತು ಫಿಕ್ಸ್ ಮಾಡುತ್ತೀರಿ? ಆಂಟಿಜೆನ್ ರಿಟ್ರೀವಲ್ (ಫಿಕ್ಸ್ ಮಾಡಿದಾಗ ಮುಚ್ಚಿಹೋದ ಪ್ರೋಟೀನ್ ಅನ್ನು ಮತ್ತೆ ಬಣ್ಣ ಹಿಡಿಯುವಂತೆ ಮಾಡುವುದು) ಬೇಕೇ? ಬೆಂಗಳೂರಿನಲ್ಲಿ ಪ್ಯಾಚ್ ಕ್ಲ್ಯಾಂಪ್ (ಕೋಶದ ಕರೆಂಟ್ ಅಳೆಯುವ ಉಪಕರಣ) ಇರುವವರು ಯಾರಾದರೂ ಒಂದು ದಿನ ಬಿಟ್ಟುಕೊಟ್ಟರೆ, ಈ ಕಿಂಡಿಯನ್ನು ಮುಚ್ಚುವ ಬೇರಿಯಂ ಹಾಕಿ ಕರೆಂಟ್ ಎಷ್ಟು ಇಳಿಯುತ್ತದೆ ಅಂತಲೂ ನೋಡಬಹುದು. ಇಲಿ, ಕೆಮಿಕಲ್ ಎಲ್ಲ ನಾನೇ ತರುತ್ತೇನೆ, ಕಾಫಿ ಕೂಡ.