ಬಾಳೆಹಣ್ಣಿನ ಡಿಎನ್‌ಎ ಬರಲೇ ಇಲ್ಲ, ಎಲ್ಲಿ ತಪ್ಪಿದೆವು?

ದಾವಣಗೆರೆ ಅಮ್ಮ:
ಮಗಳು ಒಂಬತ್ತನೇ ಕ್ಲಾಸು. ಭಾನುವಾರ ಇಬ್ಬರೂ ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯಲು ಕೂತೆವು. ಒಂದು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ನೀರು, ಚಿಟಿಕೆ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿಸಿ, ಟೀ ಜಾಲರಿಯಲ್ಲಿ ಸೋಸಿದೆವು. ಸ್ಪಿರಿಟ್ ಇರಲಿಲ್ಲ. ಕೊರೋನಾ ಕಾಲದ ಸ್ಯಾನಿಟೈಸರ್ ಸುರಿದು ಚೆನ್ನಾಗಿ ಕಲಕಿದೆವು. ಸಿಕ್ಕಿದ್ದು ಬರೀ ನೊರೆ, ಕಂದು ಲೋಳೆ. "ಅಮ್ಮಾ, ಇದು ಮಿಲ್ಕ್‌ಶೇಕ್" ಅಂತ ನಗುತ್ತಾಳೆ. ಪಾತ್ರೆ ಸೋಪಿಗೂ ಡಿಎನ್‌ಎಗೂ ಏನು ಸಂಬಂಧ ಅಂತಲೂ ಹೇಳಿ.

ಲ್ಯಾಬ್ ಮೇಷ್ಟ್ರು:
ಮೇಡಂ, ಸೋಪಿನಿಂದಲೇ ಶುರು ಮಾಡೋಣ. ಬಾಣಲೆಯ ಜಿಡ್ಡನ್ನು ಅದು ಹೇಗೆ ಬಿಡಿಸುತ್ತದೋ ಕೋಶದ ಪೊರೆಯನ್ನೂ ಹಾಗೇ ಬಿಡಿಸುತ್ತದೆ. ಪೊರೆ ಅಂದರೆ ಕೊಬ್ಬಿನ ಎರಡು ಪದರ, ನಡುನಡುವೆ ಪ್ರೋಟೀನು. ಕೋಶಕೇಂದ್ರದ ಪೊರೆಯೂ ಅಂಥದ್ದೇ. ಎರಡೂ ಒಡೆದರೆ ಡಿಎನ್‌ಎ ನೀರಿಗೆ ಬರುತ್ತದೆ. ಹೊರಗಿನ ಸೆಲ್ಯುಲೋಸ್ ಗೋಡೆ ಮಾತ್ರ ಸೋಪಿಗೆ ಜಗ್ಗುವುದಿಲ್ಲ. ಅದಕ್ಕೇ ಹಣ್ಣನ್ನು ಮೊದಲು ಕಿವುಚೋದು.

ಉಪ್ಪಿನ ಕೆಲಸ ಬೇರೆ. ಡಿಎನ್‌ಎ ಎಳೆಯ ಉದ್ದಕ್ಕೂ ಫಾಸ್ಫೇಟ್ ಇದೆ, ಅದಕ್ಕೆ ಋಣ ಚಾರ್ಜು. ಹಾಗಾಗಿ ಎಳೆಗಳು ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಪಕ್ಕ ಬಂದು ಕೂತು ಜಗಳ ತಣ್ಣಗೆ ಮಾಡುತ್ತದೆ. ಆಮೇಲೆ ಆಲ್ಕೊಹಾಲ್ ತಾಗಿದರೆ ಎಳೆಗಳು ನೀರಲ್ಲಿ ಕರಗಿರಲಾರದೆ ಬಿಳಿಯಾಗಿ ಒಟ್ಟುಗೂಡುತ್ತವೆ.

ನೀವು ಎಡವಿದ್ದು ಇಲ್ಲೇ. ಸ್ಯಾನಿಟೈಸರಲ್ಲಿ ನೀರೂ ಇದೆ, ಜೆಲ್ಲೂ ಇದೆ. ಸಾಲದ್ದಕ್ಕೆ ಕಲಕಿಬಿಟ್ಟಿರಿ! ಮೆಡಿಕಲ್ ಶಾಪಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಬಾಟಲಿಯನ್ನು ಐಸ್ ನೀರಲ್ಲಿ ಇಟ್ಟು ತಣ್ಣಗಾದ ಮೇಲೆ ಲೋಟ ಓರೆ ಹಿಡಿದು ನಿಧಾನಕ್ಕೆ ಇಳಿಸಿ. ಹಗುರ, ಮೇಲೇ ನಿಲ್ಲುತ್ತದೆ. ಒಲೆ ಹತ್ತಿರ ಮಾತ್ರ ಬೇಡ. ಮಿಕ್ಸಿಯೂ ಬೇಡ, ಎಳೆ ತುಂಡಾಗುತ್ತದೆ.

ತೋಟದವ:
ಪಚ್ಚಬಾಳೆ ತಗೊಳ್ಳಿ ಅಕ್ಕಾ. ಅದರ ಕೋಶದಲ್ಲಿ ಡಿಎನ್‌ಎ ಸುತ್ತಿಟ್ಟ ವರ್ಣತಂತು (ಕ್ರೋಮೋಸೋಮ್) 11ರ ಮೂರು ಸೆಟ್, ಒಟ್ಟು 33. ಏಲಕ್ಕಿಗೆ ಎರಡೇ ಸೆಟ್, 22. ಡಿಎನ್‌ಎ ಜಾಸ್ತಿ ಬರಬೇಕಲ್ವಾ?

ಲ್ಯಾಬ್ ಮೇಷ್ಟ್ರು:
ಲೆಕ್ಕ ಸರಿ, ಆದರೆ ಲೋಟದಲ್ಲಿ ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದು ಕಷ್ಟ. ಬರುವ ಬಿಳಿ ಮುದ್ದೆಯಲ್ಲಿ ಪೆಕ್ಟಿನ್ ಅನ್ನೋ ಹಣ್ಣಿನ ಅಂಟು, ಪ್ರೋಟೀನು ಎಲ್ಲ ಸೇರಿರುತ್ತದೆ. ಶುದ್ಧ ಡಿಎನ್‌ಎ ಅಂತ ಮಗಳಿಗೆ ಹೇಳಬೇಡಿ. ಅಡುಗೆಮನೆ ಅಂತ ಸಂಕೋಚವೂ ಬೇಡ. 1869ರಲ್ಲಿ ಫ್ರೆಡ್ರಿಕ್ ಮೀಷರ್ ಎಂಬ ವಿಜ್ಞಾನಿ ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದ್ದು ಜರ್ಮನಿಯ ಟ್ಯೂಬಿಂಗೆನ್ ಕೋಟೆಯ ಹಳೇ ಅಡುಗೆಮನೆಯಲ್ಲಿ. ಅವರಿಗೆ ಬಾಳೆಹಣ್ಣಲ್ಲ, ಆಸ್ಪತ್ರೆಯ ಬ್ಯಾಂಡೇಜಿನ ಕೀವು ಸಿಕ್ಕಿತ್ತು.

ದಾವಣಗೆರೆ ಅಮ್ಮ:
ಬಂತು ಸರ್! ಪಚ್ಚಬಾಳೆಯನ್ನು ಕೈಯಲ್ಲೇ ಕಿವುಚಿದೆವು. ಐದು ನಿಮಿಷಕ್ಕೆ ಮೋಡದ ಹಾಗೆ ಎದ್ದು ಬಂತು. ಟೂತ್‌ಪಿಕ್‌ಗೆ ಸುತ್ತಿ ಎತ್ತಿದರೆ ಥೇಟ್ ಸಿಂಬಳ. ಕೀವಿನ ಕಥೆ ಕೇಳಿದ ಮೇಲೆ ಉಳಿದ ಬಾಳೆಹಣ್ಣನ್ನು ಮಗಳು ಮುಟ್ಟುತ್ತಿಲ್ಲ.