ಮ್ಯೂನಿಕ್‌ಗೆ ಹೊರಟಿರುವ ಮಗಳಿಗೆ ಖಾಸಗಿ ಪೈಲಟ್ ಲೈಸೆನ್ಸ್: ಅಮೆರಿಕದ್ದೋ, ಯುರೋಪಿನದ್ದೋ?

ಪ್ರಶ್ನೆ: ಉಡುಪಿಯ ಒಬ್ಬ ತಂದೆ

ಮಾನ್ಯರೇ, ನನ್ನ ಮಗಳು ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿದ್ದು, ಅಕ್ಟೋಬರಿನಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಮ್ಯೂನಿಕ್‌ಗೆ ಹೊರಡಲಿದ್ದಾಳೆ. ಸಣ್ಣ ವಿಮಾನ ಹಾರಿಸಲು ಕಲಿಯಬೇಕೆಂಬುದು ಅವಳ ಬಹುದಿನದ ಆಸೆ. ಅದನ್ನು ಉದ್ಯೋಗ ಮಾಡಿಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಟೆಕ್ಸಾಸ್‌ನಲ್ಲಿರುವ ಅವಳ ಸೋದರಮಾವ, ಜರ್ಮನಿಗೆ ಹೋಗುವ ಮೊದಲು ಎರಡು ತಿಂಗಳು ತಮ್ಮ ಮನೆಯಲ್ಲಿದ್ದು ಅಮೆರಿಕದ ಲೈಸೆನ್ಸನ್ನೇ ಪಡೆದುಬಿಡಲಿ, ಖರ್ಚೂ ಕಡಿಮೆಯಾಗುತ್ತದೆ ಎನ್ನುತ್ತಾರೆ. ಪ್ರವಾಸಿ ವೀಸಾ ಅವಳ ಬಳಿ ಈಗಾಗಲೇ ಇದೆ. ಎರಡರಲ್ಲಿ ಯಾವುದು ಮೇಲು, ಒಂದನ್ನು ಪಡೆದರೆ ಇನ್ನೊಂದು ಕಡೆ ನಡೆಯುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸುರತ್ಕಲ್‌ನವರು, ಈಗ ಅಮೆರಿಕದಲ್ಲಿ

ಮೊದಲು ವೀಸಾದ ವಿಷಯ, ಏಕೆಂದರೆ ನಿಮ್ಮ ಯೋಜನೆ ಅಲ್ಲಿಯೇ ನಿಂತುಬಿಡುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರು ಲೈಸೆನ್ಸ್ ಪಡೆಯುವ ಉದ್ದೇಶದಿಂದ ವಿಮಾನ ತರಬೇತಿಗೆ ಸೇರುವಂತಿಲ್ಲ. ಅದಕ್ಕೆ ಸಾಮಾನ್ಯವಾಗಿ ಎಂ-1 ವರ್ಗದ ವಿದ್ಯಾರ್ಥಿ ವೀಸಾ ಬೇಕು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸರಕಾರದ ಅನುಮತಿ ಇರುವ ಶಾಲೆಯೊಂದು ಪ್ರವೇಶಪತ್ರ ನೀಡಿದ ಮೇಲಷ್ಟೇ ಅದಕ್ಕೆ ಅರ್ಜಿ ಹಾಕಬಹುದು. ಇದರ ಜೊತೆಗೆ ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎ ಬೆರಳಚ್ಚು ತೆಗೆದುಕೊಂಡು ಹಿನ್ನೆಲೆ ಪರಿಶೀಲಿಸಿ ಒಪ್ಪಿಗೆ ಕೊಡುವವರೆಗೆ ತರಬೇತಿ ಆರಂಭವಾಗುವುದಿಲ್ಲ. ಜರ್ಮನಿಯ ವೀಸಾಕ್ಕೂ ಪಾಸ್‌ಪೋರ್ಟ್ ಒಪ್ಪಿಸಬೇಕಾದ ಇದೇ ಬೇಸಿಗೆಯಲ್ಲಿ ಇವೆಲ್ಲ ಮುಗಿಯುತ್ತವೆಂದು ನಾನು ಭರವಸೆ ಇಡುವುದಿಲ್ಲ.

ಇದನ್ನು ಬಿಟ್ಟರೆ ಸೋದರಮಾವನವರ ಮಾತಿನಲ್ಲಿ ಹುರುಳಿದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ನಿಯಮದಂತೆ ಕನಿಷ್ಠ 40 ಗಂಟೆಗಳ ಹಾರಾಟ ಸಾಕು, ಪೂರ್ವಾನುಮೋದಿತ ಪಠ್ಯಕ್ರಮದ ಶಾಲೆಗಳಲ್ಲಾದರೆ 35. ಆದರೆ ಕನಿಷ್ಠದಲ್ಲಿಯೇ ಮುಗಿಸುವವರು ವಿರಳ. 60ರಿಂದ 70 ಗಂಟೆಗಳ ಖರ್ಚಿಗೆ ಸಿದ್ಧರಾಗಿರುವುದು ಜಾಣತನ. ಲಿಖಿತ ಪರೀಕ್ಷೆ ಒಂದೇ, 60 ಪ್ರಶ್ನೆಗಳದ್ದು, ಶೇಕಡ 70 ಅಂಕ ಬಂದರೆ ಉತ್ತೀರ್ಣ. ಅನಂತರ ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆ ಮತ್ತು ಹಾರಾಟ. ಆ ಮೌಖಿಕವನ್ನು ಹಗುರವಾಗಿ ಕಾಣಬಾರದು: ನಕ್ಷೆ, ಹವಾಮಾನ ವರದಿ, ತೂಕದ ಲೆಕ್ಕ ಎಲ್ಲವನ್ನೂ ಎದುರಿಗೆ ಕೂರಿಸಿ ಕೇಳುತ್ತಾರೆ. ರಾತ್ರಿ ಹಾರಾಟದ ತರಬೇತಿ ಇದರಲ್ಲೇ ಸೇರಿದೆ. ಲೈಸೆನ್ಸಿಗೆ ಅವಧಿ ಮುಗಿಯುವ ದಿನಾಂಕವೆಂಬುದಿಲ್ಲ. ಎರಡು ವರ್ಷಕ್ಕೊಮ್ಮೆ ಬೋಧಕರೊಡನೆ ಮರುಪರಿಶೀಲನೆಯ ಹಾರಾಟ ಮಾಡಿಕೊಂಡು, ವೈದ್ಯಕೀಯ ಪ್ರಮಾಣಪತ್ರವನ್ನು ಚಾಲ್ತಿಯಲ್ಲಿಟ್ಟರಾಯಿತು.

ಉತ್ತರ: ಕುಂದಾಪುರದವರು, ಈಗ ಜರ್ಮನಿಯಲ್ಲಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಯಾವುದು ಮೇಲು ಎಂಬುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಮುಂದಿನ ಎರಡು ಮೂರು ವರ್ಷ ಅವರು ಯಾವ ದೇಶದಲ್ಲಿ ನೋಂದಣಿಯಾದ ವಿಮಾನವನ್ನು ಹಾರಿಸಲಿದ್ದಾರೆ ಎಂಬುದನ್ನು. 1944ರ ಷಿಕಾಗೋ ಒಪ್ಪಂದದ 32ನೆಯ ವಿಧಿಯಂತೆ, ಅಂತರರಾಷ್ಟ್ರೀಯವಾಗಿ ಹಾರುವ ವಿಮಾನದ ಪೈಲಟ್ ಬಳಿ ಅದು ನೋಂದಣಿಯಾದ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಇರಬೇಕು. ಮ್ಯೂನಿಕ್‌ನ ಸುತ್ತಲಿನ ಕ್ಲಬ್ಬುಗಳಲ್ಲಿ ಬಾಡಿಗೆಗೆ ಸಿಗುವ ವಿಮಾನಗಳು ಸಾಮಾನ್ಯವಾಗಿ ಜರ್ಮನಿಯಲ್ಲಿ ನೋಂದಣಿಯಾದವು. ಅಮೆರಿಕದ ಲೈಸೆನ್ಸ್ ಹಿಡಿದು ಬಂದರೆ ಅವುಗಳನ್ನು ನೇರವಾಗಿ ಹಾರಿಸಲಾಗದು. 2021ರ ಮೇ ತಿಂಗಳಿನಿಂದ ಐರೋಪ್ಯ ಒಕ್ಕೂಟ ಮತ್ತು ಅಮೆರಿಕಗಳ ನಡುವೆ ಪರಿವರ್ತನೆಯ ಒಪ್ಪಂದ ಜಾರಿಯಲ್ಲಿರುವುದರಿಂದ ಮೊದಲಿನಿಂದ ಕಲಿಯಬೇಕಾಗಿಲ್ಲವೆಂಬುದು ನಿಜವಾದರೂ, ಯುರೋಪಿನ ವೈದ್ಯಕೀಯ ಪರೀಕ್ಷೆ, ನಿಯಮಗಳ ಕಲಿಕೆ, ಕಡತ ಹಿಡಿದು ಓಡಾಡುವುದು ತಪ್ಪುವುದಿಲ್ಲ.

ಎದುರು ದಿಕ್ಕಿನಲ್ಲಿ ದಾರಿ ಎಷ್ಟೋ ಸಲೀಸು. ಯುರೋಪಿನ ಲೈಸೆನ್ಸ್ ಇರುವವರು ಮೊದಲೇ ಆ ಲೈಸೆನ್ಸಿನ ಪರಿಶೀಲನೆಗೆ ಅರ್ಜಿ ಹಾಕಿಟ್ಟರೆ, ಅದರ ಆಧಾರದ ಮೇಲೆಯೇ ಎಫ್‌ಎಎ ಖಾಸಗಿ ಪೈಲಟ್ ಪ್ರಮಾಣಪತ್ರ ಕೊಡುತ್ತದೆ. ಹೊಸದಾಗಿ ಲಿಖಿತ ಪರೀಕ್ಷೆಯಿಲ್ಲ. ಅಲ್ಲಿಯ ಬೋಧಕರೊಡನೆ ಮರುಪರಿಶೀಲನೆಯ ಹಾರಾಟವೊಂದು ಮುಗಿದರೆ ರಜೆಯಲ್ಲಿ ಟೆಕ್ಸಾಸ್‌ಗೆ ಹೋಗಿ ಸೋದರಮಾವನವರನ್ನೇ ಕೂರಿಸಿಕೊಂಡು ಹಾರಬಹುದು.

ಕಷ್ಟವನ್ನೂ ಹೇಳಬೇಕು. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯಾದ ಇಎಎಸ್‌ಎ ನಿಯಮದಲ್ಲಿ ಕನಿಷ್ಠ 45 ಗಂಟೆ. ಅದರಲ್ಲಿ 25 ಬೋಧಕರೊಡನೆ, 10 ಒಬ್ಬರೇ, ಜೊತೆಗೆ ಎರಡು ಬೇರೆ ವಿಮಾನ ನಿಲ್ದಾಣಗಳಲ್ಲಿ ಇಳಿದು 270 ಕಿಲೋಮೀಟರಿನ ಏಕಾಂಗಿ ಪಯಣವನ್ನು ಮುಗಿಸಬೇಕು. ಲಿಖಿತ ವಿಷಯಗಳು ಒಂಬತ್ತು, ಪ್ರತಿಯೊಂದರಲ್ಲೂ ಶೇಕಡ 75 ಬರಬೇಕು. ರಾತ್ರಿ ಹಾರಾಟಕ್ಕೆ ಕನಿಷ್ಠ 5 ಗಂಟೆಗಳ ತರಬೇತಿ ಬೇರೆಯೇ. ಜರ್ಮನಿಯಲ್ಲಿ ರೇಡಿಯೋ ಬಳಕೆಗೂ ಪ್ರತ್ಯೇಕ ಪರೀಕ್ಷೆಯಿದ್ದು, ಸಣ್ಣ ನಿಲ್ದಾಣಗಳಲ್ಲಿ ಮಾತುಕತೆ ಬಹುತೇಕ ಜರ್ಮನ್‌ನಲ್ಲಿಯೇ ನಡೆಯುವುದರಿಂದ, ಆ ಭಾಷೆ ಸ್ವಲ್ಪವಾದರೂ ಬರುವವರೆಗೆ ಕ್ಲಬ್ಬಿಗೆ ಸೇರಿಯೂ ಸುಮ್ಮನೆ ಕೂರಬೇಕಾದೀತು. ನವೆಂಬರಿನ ನಂತರ ಮೋಡವು ನಮ್ಮ ಮಳೆಗಾಲದ ಆಟಿ ತಿಂಗಳಿನ ಹಾಗೆ ದಿನಗಟ್ಟಲೆ ಕವಿದಿರುತ್ತದೆ. ಆ ತಿಂಗಳುಗಳನ್ನು ಲಿಖಿತ ಪರೀಕ್ಷೆಗೆ ಬಿಟ್ಟುಕೊಡುವುದು ಒಳ್ಳೆಯದು. ಪೆಟ್ರೋಲಿಗೂ ಇಳಿಯುವ ಶುಲ್ಕಕ್ಕೂ ಅಮೆರಿಕಕ್ಕಿಂತ ಹೆಚ್ಚು ತೆರಬೇಕು. ಆದರೆ ಕ್ಲಬ್ಬುಗಳಲ್ಲಿ ಬೋಧಕರು ಹೆಚ್ಚಾಗಿ ಸ್ವಯಂಸೇವಕರಾದ್ದರಿಂದ, ವಾರಾಂತ್ಯಗಳಲ್ಲಿ ನಿಧಾನವಾಗಿ ಕಲಿಯಲು ಒಪ್ಪುವವರಿಗೆ ಹೊರೆ ಅಷ್ಟೇನೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ತಮ್ಮಿಬ್ಬರಿಗೂ ಕೃತಜ್ಞತೆಗಳು. ವೀಸಾದ ವಿಷಯ ನಮಗೆ ಗೊತ್ತೇ ಇರಲಿಲ್ಲ. ಇನ್ನೆರಡು ಸಂದೇಹಗಳಿವೆ. ಯುರೋಪಿನಲ್ಲಿ 30 ಗಂಟೆಗಳಲ್ಲೇ ಮುಗಿಯುವ, ಎಲ್‌ಎಪಿಎಲ್ ಎಂಬ ಹಗುರ ವಿಮಾನದ ಲೈಸೆನ್ಸ್ ಇದೆಯಂತೆ, ಅದು ಸಾಲದೇ? ಮುಂದೊಂದು ದಿನ ಮನಸ್ಸು ಬದಲಾಗಿ, ಇಲ್ಲಿಗೆ ಬಂದು ಉದ್ಯೋಗವಾಗಿಯೇ ಹಾರಿಸಬೇಕೆನಿಸಿದರೆ?

ಉತ್ತರ: ಬಜ್ಪೆಯ ನಿವೃತ್ತರು

ಎರಡನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಉದ್ಯೋಗಕ್ಕೆ ಬೇಕಾದದ್ದು ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎ ನೀಡುವ ವಾಣಿಜ್ಯ ಪೈಲಟ್ ಲೈಸೆನ್ಸ್. ಅದಕ್ಕೆ 200 ಗಂಟೆಗಳ ಹಾರಾಟ, ಮೊದಲ ವರ್ಗದ ವೈದ್ಯಕೀಯ ಪ್ರಮಾಣಪತ್ರ, ವಾಯುಯಾನ ನಿಯಮ, ಪಥನಿರ್ಣಯ, ಹವಾಮಾನ ಮುಂತಾದ ವಿಷಯಗಳ ಪರೀಕ್ಷೆಗಳು ಬೇಕು. ಖಾಸಗಿ ಲೈಸೆನ್ಸ್ ಅಮೆರಿಕದ್ದಾದರೂ ಜರ್ಮನಿಯದ್ದಾದರೂ ಈ ಪರೀಕ್ಷೆಗಳಿಂದ ಬಿಡುಗಡೆಯಿಲ್ಲ. ಆದ್ದರಿಂದ ಈಗಿನ ಆಯ್ಕೆಯನ್ನು ಆ ದೂರದ ಸಾಧ್ಯತೆಗೆ ಕಟ್ಟಿಹಾಕಬೇಡಿ. ಹಾರಾಟದ ದಾಖಲೆ ಪುಸ್ತಕವನ್ನು ಮಾತ್ರ ಪ್ರತಿ ಹಾರಾಟಕ್ಕೂ ಬೋಧಕರ ಸಹಿಯೊಂದಿಗೆ ಚೊಕ್ಕವಾಗಿ ಇಟ್ಟುಕೊಳ್ಳಲು ಹೇಳಿ. ರಜೆಗೆ ಬಂದಾಗ ಇಲ್ಲಿ ಹಾರುವ ಆಸೆಯಿದ್ದರೆ ಜಕ್ಕೂರಿನ ಕಡೆಗೋ ಮೈಸೂರಿನ ಕಡೆಗೋ ವಿಚಾರಿಸಬೇಕಾದೀತು. ನಮ್ಮ ಬಜ್ಪೆಯ ಬೆಟ್ಟದ ಮೇಲಿನ ರನ್‌ವೇಯಲ್ಲಿ ದೊಡ್ಡ ವಿಮಾನಗಳನ್ನು ನೋಡಿಕೊಂಡು ಸಮಾಧಾನಪಟ್ಟುಕೊಳ್ಳುವುದೇ ಸದ್ಯಕ್ಕಿರುವ ಭಾಗ್ಯ.

ಉತ್ತರ: ಕುಂದಾಪುರದವರು

ಎಲ್‌ಎಪಿಎಲ್ ಲೈಸೆನ್ಸಿನಲ್ಲಿ 2000 ಕಿಲೋಗ್ರಾಂ ವರೆಗಿನ ವಿಮಾನವನ್ನು ಮೂವರು ಪ್ರಯಾಣಿಕರೊಂದಿಗೆ ಹಾರಿಸಬಹುದು. ಆದರೆ ಅದು ಅಂತರರಾಷ್ಟ್ರೀಯ ಮಾನದಂಡಕ್ಕೆ ಒಳಪಡದ್ದರಿಂದ, ಅದರ ಆಧಾರದ ಮೇಲೆ ಅಮೆರಿಕದಲ್ಲಾಗಲಿ ಭಾರತದಲ್ಲಾಗಲಿ ಏನನ್ನೂ ಕೇಳಲಾಗದು. ಟೆಕ್ಸಾಸ್‌ನಲ್ಲಿ ಮನೆಯಿರುವವರಿಗೆ ಅದನ್ನು ನಾನು ಸಲಹೆ ಮಾಡುವುದಿಲ್ಲ. ಪೂರ್ಣ ಖಾಸಗಿ ಲೈಸೆನ್ಸಿಗೇ ಸೇರಲಿ.

ಕ್ಲಬ್ಬಿಗೆ ಹಣ ಕಟ್ಟುವ ಮೊದಲು ಯುರೋಪಿನ ಎರಡನೆಯ ವರ್ಗದ ವೈದ್ಯಕೀಯ ಪರೀಕ್ಷೆಯನ್ನು ಮುಗಿಸಿಕೊಳ್ಳಲಿ. ಬಣ್ಣ ಗುರುತಿಸುವುದರಲ್ಲಿ ತೊಡಕು ಕಂಡುಬಂದರೆ ಹಗಲಿನ ಹಾರಾಟಕ್ಕಷ್ಟೇ ಸೀಮಿತಗೊಳಿಸುತ್ತಾರೆ, ಆ ಸಂಗತಿ ಮೊದಲೇ ತಿಳಿದಿರುವುದು ಒಳ್ಳೆಯದು. ಭದ್ರತಾ ಹಿನ್ನೆಲೆಯ ಪರಿಶೀಲನೆ ಜರ್ಮನಿಯಲ್ಲೂ ಇದೆ; ಹೊರದೇಶದಿಂದ ಹೊಸದಾಗಿ ಬಂದವರಿಗೆ ಅದು ತಡವಾಗುವ ಸಂಭವವಿರುವುದರಿಂದ, ವಾಸಸ್ಥಳದ ನೋಂದಣಿ ಆದ ಕೂಡಲೇ ಅದಕ್ಕೆ ಅರ್ಜಿ ಹಾಕಲು ತಿಳಿಸಿ.