ಪ್ರಚೋದಕ ಸೇರಿಸುವ ಮೊದಲೇ ನ್ಯೂಟ್ರೊಫಿಲ್‌ಗಳು ಸಕ್ರಿಯವಾಗಿರುವುದೇಕೆ?

ಪ್ರಶ್ನೆ
ಆರೋಗ್ಯವಂತ ದಾನಿಗಳ ರಕ್ತದಿಂದ ಡೆಕ್ಸ್‌ಟ್ರಾನ್ (ಕೆಂಪು ಕಣಗಳನ್ನು ತಳಕ್ಕಿಳಿಸುವ ವಸ್ತು) ಮತ್ತು ಫೈಕಾಲ್ (ಸಾಂದ್ರತೆಗೆ ತಕ್ಕಂತೆ ಕೋಶಗಳನ್ನು ಪದರವಾಗಿಸುವ ದ್ರಾವಣ) ಬಳಸಿ ನ್ಯೂಟ್ರೊಫಿಲ್‌ಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಬೇರ್ಪಡಿಸುತ್ತಿದ್ದೇನೆ; ಉಳಿದ ಕೆಂಪು ರಕ್ತಕಣಗಳನ್ನು ಲವಣಾಂಶ ಕಡಿಮೆಯಿರುವ ದ್ರಾವಣದಿಂದ ಒಡೆಯುತ್ತೇನೆ. ಫ್ಲೋ ಸೈಟೋಮೀಟರ್‌ನಲ್ಲಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಅಳೆಯುವ ಯಂತ್ರ) ನೋಡಿದಾಗ, ಯಾವ ಪ್ರಚೋದಕವನ್ನೂ ಸೇರಿಸದ ಕೋಶಗಳಲ್ಲೂ ಮೇಲ್ಮೈ ಪ್ರೋಟೀನ್‌ಗಳಾದ ಸಿಡಿ11ಬಿ ಹೆಚ್ಚಾಗಿಯೂ ಸಿಡಿ62ಎಲ್ ಕಡಿಮೆಯಾಗಿಯೂ ಕಾಣುತ್ತದೆ; ಇದು ಕೋಶ ಸಕ್ರಿಯವಾಗಿರುವ ಲಕ್ಷಣ. ಇದು ದಾನಿಯ ದೇಹಸ್ಥಿತಿಯೋ, ಬೇರ್ಪಡಿಸುವ ವಿಧಾನದ ಪರಿಣಾಮವೋ? ಮ್ಯಾಗ್ನೆಟಿಕ್ ಬೀಡ್‌ಗಳಿಗೆ (ಆಂಟಿಬಾಡಿ ಮೂಲಕ ಕೋಶಕ್ಕೆ ಅಂಟಿ, ಆಯಸ್ಕಾಂತದಿಂದ ಎಳೆಯಬಹುದಾದ ಸೂಕ್ಷ್ಮ ಮಣಿಗಳು) ಬದಲಾಯಿಸಿದರೆ ಸಮಸ್ಯೆ ತೀರುತ್ತದೆಯೇ?

ಉತ್ತರ 1
ಅದೇ ರಕ್ತದ ಸ್ವಲ್ಪ ಭಾಗವನ್ನು ಬೇರ್ಪಡಿಸದೆ, ತೆಗೆದ ಕೂಡಲೇ ಆಂಟಿಬಾಡಿ ಹಾಕಿ ಪರೀಕ್ಷಿಸಿ. ಅಲ್ಲಿ ಸಿಡಿ62ಎಲ್ ಹೆಚ್ಚಿದ್ದರೆ ದಾನಿಯನ್ನು ದೂರುವಂತಿಲ್ಲ. ಸಿಡಿ11ಬಿ ನ್ಯೂಟ್ರೊಫಿಲ್‌ನ ಒಳಗಿನ ಕಣಿಕೆಗಳಲ್ಲಿ ಸಿದ್ಧವಾಗಿಯೇ ಇರುವುದರಿಂದ ಹೊಸ ಪ್ರೋಟೀನ್ ತಯಾರಾಗದೆಯೂ ಮೇಲ್ಮೈಗೆ ಬರಬಲ್ಲದು, ಸಿಡಿ62ಎಲ್ ಅನ್ನು ಆಡಮ್17 ಎಂಬ ಕಿಣ್ವ ಕತ್ತರಿಸಿ ಉದುರಿಸುತ್ತದೆ; ಹಾಗಾಗಿ ಎರಡೂ ಕೆಲವೇ ನಿಮಿಷಗಳಲ್ಲಿ ಬದಲಾಗುತ್ತವೆ. ಜೋರಾದ ಸೆಂಟ್ರಿಫ್ಯೂಜ್, ತಣ್ಣಗಿಂದ ಬೆಚ್ಚಗೆ ಆಗುವ ಏರಿಳಿತ, ಕೆಂಪು ಕಣ ಒಡೆಯುವ ಹಂತ, ಇವೆಲ್ಲ ಕಾರಣಗಳಾಗಬಲ್ಲವು. ಆದರೆ ನನ್ನ ಮೊದಲ ಅನುಮಾನ ದ್ರಾವಣಗಳಲ್ಲಿರುವ ಎಂಡೋಟಾಕ್ಸಿನ್ (ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ವಿಷಕಾರಿ ಅಂಶ) ಮೇಲೆ, ಏಕೆಂದರೆ ಬ್ಯಾಕ್ಟೀರಿಯಾ ಸತ್ತರೂ ಅದು ಉಳಿಯುತ್ತದೆ, ಸಾಮಾನ್ಯ ಆಟೋಕ್ಲೇವ್‌ನಿಂದ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಪೂರ್ತಿ ನಾಶವಾಗುವುದೂ ಇಲ್ಲ. 'ಸ್ಟೆರೈಲ್' ಎಂಬ ಚೀಟಿ ಇದಕ್ಕೆ ಖಾತರಿಯಲ್ಲ.

ಉತ್ತರ 2
ಬೀಡ್‌ಗಳ ಬಗ್ಗೆ: ಬೇಕಾದ ಕೋಶಕ್ಕೇ ಆಂಟಿಬಾಡಿ ಅಂಟಿಸಿ ಹಿಡಿಯುವುದಾದರೆ, ಹಿಡಿದ ಗ್ರಾಹಕವೇ ಸಂಕೇತ ಕಳಿಸಬಹುದು. ಟಿ ಕೋಶ ಎಂಬ ಬಿಳಿ ರಕ್ತಕಣಗಳನ್ನು ಅವುಗಳ ಸಿಡಿ3 ಗ್ರಾಹಕದ ಮೂಲಕ ಹಿಡಿದರೆ ಅವನ್ನು ಎಬ್ಬಿಸಿದಂತೆಯೇ. ಮಾನೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಸಿಡಿ14 ಕೂಡ ಎಂಡೋಟಾಕ್ಸಿನ್ ಗುರುತಿಸುವ ವ್ಯವಸ್ಥೆಯ ಭಾಗ. ಬೇಡದ ಕೋಶಗಳನ್ನು ಮಾತ್ರ ತೆಗೆದುಹಾಕುವ ನೆಗೆಟಿವ್ ಸೆಲೆಕ್ಷನ್ ನಿಮ್ಮ ಕೆಲಸಕ್ಕೆ ಹೆಚ್ಚು ಸೂಕ್ತ. ಶುದ್ಧತೆಯೂ ಮುಖ್ಯ: ಎಂಡೋಟಾಕ್ಸಿನ್ ಇರುವಾಗ ನ್ಯೂಟ್ರೊಫಿಲ್‌ಗಳು ಹೆಚ್ಚು ಕಾಲ ಬದುಕುವುದಕ್ಕೆ ಜೊತೆಯಲ್ಲಿ ಉಳಿದ ಅಲ್ಪ ಪ್ರಮಾಣದ ಮಾನೋಸೈಟ್‌ಗಳೇ ಕಾರಣವಾಗಿರಬಹುದು, ಮತ್ತು ನಾವು ಅದನ್ನು ನ್ಯೂಟ್ರೊಫಿಲ್‌ನ ಗುಣವೆಂದು ಬರೆದುಬಿಡುತ್ತೇವೆ.

ಉತ್ತರ 3
ಅಂಗಾಂಶದಿಂದ ಕೋಶ ತೆಗೆಯುವವರಿಗೆ ತೊಂದರೆ ಇನ್ನೂ ಹೆಚ್ಚು. ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾವನ್ನು 37 ಡಿಗ್ರಿಯಲ್ಲಿ ಕಿಣ್ವ ಹಾಕಿ ಬಿಡಿಸುವಾಗ ಪ್ರಚೋದನೆಗೆ ತಕ್ಷಣ ಸ್ಪಂದಿಸುವ ಫಾಸ್, ಜುನ್ ಮೊದಲಾದ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಆದ್ದರಿಂದ ಕೆಲವರು ಆರಂಭದಲ್ಲೇ ವಂಶವಾಹಿಗಳ ಚಟುವಟಿಕೆ ತಡೆಯುವ ಆಕ್ಟಿನೊಮೈಸಿನ್ ಡಿ ಯಂಥ ಪ್ರತಿಬಂಧಕ ಸೇರಿಸುತ್ತಾರೆ. ನಿಮಗೆ ಅಷ್ಟು ಬೇಕಿಲ್ಲ. ಕೆಂಪು ಕಣಗಳನ್ನು ಗೇಟಿಂಗ್‌ನಲ್ಲಿ (ಸೈಟೋಮೀಟರ್‌ನ ದತ್ತಾಂಶದಲ್ಲಿ ಬೇಕಾದ ಕೋಶಗಳನ್ನಷ್ಟೇ ಆರಿಸುವಾಗ) ಹೊರಗಿಡಬಹುದಾದ್ದರಿಂದ, ಒಡೆಯುವ ಹಂತವನ್ನು ಒಮ್ಮೆ ಬಿಟ್ಟು ನೋಡಿ. ಬೇರೇನನ್ನೂ ಅದೇ ದಿನ ಬದಲಾಯಿಸಬೇಡಿ.